ಸಿಂಪಿಗಳಿಗೆ ಸವಳು ನೀರು ಕಲಿಸಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೋ ಹೇಳಿ ನಿಮಗೆ ತಿಳಿಯುವುದು ಬೇಡ. ಹಿಂದಿನ ಕಾಲದವರು ಹೆಣ್ಣು ಗೆಲ್ಲಲು ಬಿಲ್ಲು ಮುರಿದರು, ತಿರುಗುವ ಮೀನಿನ ಕಣ್ಣಿಗೆ ಗುರಿಯಿಟ್ಟರು. ನಾನು ಎಂಟು ಸಿಂಪಿಗಳಿಗೆ ಸುಳ್ಳು ಹೇಳುವುದನ್ನು ಕಲಿಸಿದೆ. ಅವು ಕಲಿತವು. ಕಲಿಸಿದ ಮಾಸ್ತರ ಮಾತ್ರ ನಪಾಸಾದ.

ಇದೆಲ್ಲ ಈಗ ನೆನಪಾಗಲು ಕಾರಣ ಮಾವಿನಕಾಯಿ. ಇಂದು ಬೆಳಿಗ್ಗೆ ಅವ್ವ ಉಪ್ಪಿನಕಾಯಿಗೆಂದು ಒಂದು ಬುಟ್ಟಿ ಕಾಯಿ ಮುಂದಿಟ್ಟುಕೊಂಡು, ಗೂಡಿನಿಂದ ಒಂದು ಚಿಪ್ಪು ತೆಗೆದು ಸಿಪ್ಪೆ ಹೆರೆಯತೊಡಗಿದಳು. ಚಿಪ್ಪಿನ ಬೆನ್ನನ್ನು ಕಲ್ಲಿಗೆ ಉಜ್ಜಿ ತೂತು ಮಾಡಿದರೆ ಆ ತೂತಿನ ಅಂಚೇ ಹರಿತವಾದ ಅಲಗು. ನಮ್ಮ ಕಡೆ ಇದಕ್ಕೆ ಸಿಂಪಿ ಎನ್ನುತ್ತೇವೆ, ಅದರೊಳಗಿದ್ದ ಮೆತ್ತನೆಯ ಜೀವಕ್ಕೂ ಅದೇ ಹೆಸರು. ದಕ್ಷಿಣದ ಕಡೆಯವರು ಕಪ್ಪೆಚಿಪ್ಪು ಎನ್ನುತ್ತಾರೆ. ಅದರಲ್ಲಿ ಕಪ್ಪೆ ಎಲ್ಲಿರುತ್ತದೋ ಅವರೇ ಹೇಳಬೇಕು. ನಾನು ಚಿಪ್ಪನ್ನೇ ನೋಡುತ್ತ ನಿಂತದ್ದು ಕಂಡು ಅವ್ವ ತಲೆ ಎತ್ತದೆ ಕೇಳಿದಳು: “ಯಾಕೋ, ನಿನ್ನ ಶಿಷ್ಯನ ಗುರುತು ಹತ್ತಿತೇನು?”

ಹತ್ತಿತು. ಅದರ ಅಂಚಿನಲ್ಲಿ ಒಂದು ಚೂರು ಮುರಿದಿತ್ತು. ಎಂಟರಲ್ಲಿ ಅತ್ಯಂತ ಜಾಣ ಶಿಷ್ಯ ಅವನೇ.

ನನ್ನ ಕಸುಬು ನಿಮಗೆ ತಿಳಿಯದಿದ್ದರೆ ಹೇಳಬೇಕು. ಹೊಟ್ಟೆಗೆ ನಾನು ಮನೆಯ ಹೊಲ ನೋಡುತ್ತೇನೆ. ನಾಲಿಗೆಗೆ ಮಂದಿಯ ದನಿ ತೆಗೆಯುತ್ತೇನೆ. ಯುದ್ಧದ ಕಾಲದಲ್ಲಿ ವಿಜಾಪುರದಿಂದ ತಿಕೋಟಾಕ್ಕೆ ಓಡುತ್ತಿದ್ದ, ಪೆಟ್ರೋಲಿನ ಬದಲು ಇದ್ದಲಿ ಸುಡುವ ಮೋಟಾರು ಏರು ಬಂದಾಗ ಕೆಮ್ಮುತ್ತಿತ್ತಲ್ಲ, ಆ ಕೆಮ್ಮು ನನಗೆ ಬರುತ್ತದೆ. ಅದರ ಚಾಲಕ ಕೆಳಗಿಳಿದು ಅದನ್ನು ಬೈಯುತ್ತಿದ್ದುದೂ ಬರುತ್ತದೆ. ಅಪ್ಪ ಪತ್ರ ಓದುವಾಗ ಕನ್ನಡಕದ ಮೇಲಿಂದ ಮನೆಯವರನ್ನೆಲ್ಲ ಸಂಶಯದಿಂದ ನೋಡುವುದು, ಸೋದರಮಾವ ಚನ್ನಪ್ಪ ಸುಳ್ಳು ಹೇಳುವ ಮುನ್ನ ಮೀಸೆ ಒರೆಸಿಕೊಳ್ಳುವುದು, ಎಲ್ಲವೂ ನನ್ನ ಸಂಗ್ರಹದಲ್ಲಿವೆ. ಒಮ್ಮೆ ಕತ್ತಲೆ ಕೋಣೆಯಲ್ಲಿ ಅಪ್ಪನ ದನಿಯಲ್ಲಿ ಕೆಮ್ಮಿ ಅಪ್ಪನನ್ನೇ ಬೆದರಿಸಿದ್ದೆ. ಇಷ್ಟೆಲ್ಲ ದನಿಗಳ ಸಂತೆಯಲ್ಲಿ ನನ್ನದು ಯಾವ ಮೂಲೆಯಲ್ಲಿದೆ ಎಂದು ಆಗ ಯಾರೂ ಕೇಳಿರಲಿಲ್ಲ, ನಾನೂ ಹುಡುಕಿರಲಿಲ್ಲ.

ವಿಜಾಪುರದ ಹೈಸ್ಕೂಲಿನಲ್ಲಿ ನಮಗೊಬ್ಬ ವಿಜ್ಞಾನದ ಮಾಸ್ತರರಿದ್ದರು. ಪ್ರತಿ ಮಾತಿನ ತುದಿಗೆ “ಅಂದರ ಏನಾತು?” ಎಂದು ಕೇಳಿ, ನಾವು ಬಾಯಿ ತೆರೆಯುವ ಮೊದಲೇ ತಾವೇ ಉತ್ತರ ಹೇಳಿ, ನಮ್ಮ ಅಜ್ಞಾನಕ್ಕೆ ಮರುಗುತ್ತಿದ್ದರು. ಒಂದು ದಿನ ಕೆರೆಯ ಸಿಂಪಿಯೊಂದನ್ನು ಗಾಜಿನ ಭರಣಿಯಲ್ಲಿ ಇಟ್ಟುಕೊಂಡು ಬಂದರು. ಕೆರೆಯದೇ ನೀರಿನಲ್ಲಿ ಅದು ನಿಧಾನವಾಗಿ ಬಾಯಿ ತೆರೆದು ನಾಲಿಗೆಯಂಥದೊಂದನ್ನು ಹೊರಗೆ ಚಾಚಿತು. ನಾಲಿಗೆಯಲ್ಲ, ಅದು ಕಾಲು. ಈ ಪ್ರಾಣಿಗಿರುವುದು ಒಂದೇ ಕಾಲು. ಮಾಸ್ತರರು ಭರಣಿಗೆ ಒಂದು ಹಿಡಿ ಉಪ್ಪು ಸುರಿದರು. ಕಾಲು ಒಳಗೆ, ಬಾಯಿ ಬಂದ್.

ಅವರು ಹೇಳಿದ್ದು ಇಷ್ಟು. ಸಿಹಿನೀರಿನ ಸಿಂಪಿಯ ಮೈಯ ರಸ ಹೊರಗಿನ ನೀರಿಗಿಂತ ತುಸು ಉಪ್ಪು. ಅದಕ್ಕೆ ಹೊರಗಿನ ನೀರು ಸದಾ ಒಳಗೆ ನುಗ್ಗುತ್ತದೆ, ನೆನೆಹಾಕಿದ ಒಣದ್ರಾಕ್ಷಿಯೊಳಗೆ ನುಗ್ಗಿದ ಹಾಗೆ. ಹೆಚ್ಚಾದದ್ದನ್ನು ಅದು ಹೊರಗೆ ಚೆಲ್ಲುತ್ತಲೇ ಇರಬೇಕು. ಹೊರಗೆ ಉಪ್ಪು ಹೆಚ್ಚಾಯಿತೆನ್ನಿ, ಆಟ ತಿರುಗುಮುರುಗು: ಮೈಯ ನೀರೇ ಹೊರಗೆ ಹೊರಡುತ್ತದೆ, ಉಪ್ಪು ಬಿದ್ದ ಮಾವಿನ ಹೋಳಿನಂತೆ. ಆಗ ಪಾಪದ ಜೀವ ಬಾಗಿಲು ಹಾಕಿಕೊಳ್ಳುತ್ತದೆ. ಹಾಕಿಕೊಂಡರೆ ಉಸಿರಿಲ್ಲ, ಊಟವಿಲ್ಲ, ಎದೆಯ ಬಡಿತವೂ ನಿಧಾನ. ಆದರೆ ಉಪ್ಪನ್ನು ದಿನಕ್ಕಿಷ್ಟಿಷ್ಟೇ ಹೆಚ್ಚಿಸುತ್ತ ಹೋದರೆ ಅದು ತನ್ನ ಮೈಯ ರಸವನ್ನೂ ಅಷ್ಟಷ್ಟೇ ಉಪ್ಪಾಗಿಸಿಕೊಂಡು, ಒಂದು ಮಿತಿಯ ತನಕ, ಬಾಯಿ ತೆರೆದೇ ಬದುಕುತ್ತದೆ. “ಒಮ್ಮಿಂದೊಮ್ಮೆ ಹಾಕಿದರ ಮುಚ್ಚತೈತಿ, ರೂಢಿ ಮಾಡಿದರ ತೆರೀತೈತಿ. ಅಂದರ ಏನಾತು?”

ಏನಾಯಿತೆಂದರೆ, ಅದರ ಮುಂದಿನ ಮಾತನ್ನು ನಾನು ಕೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಅವರ “ಅಂದರ ಏನಾತು”ವನ್ನು ಅವರಿಗಿಂತ ಚೆನ್ನಾಗಿ ಹೇಳಿ ತೋರಿಸುತ್ತಿದ್ದೆ. ಆ ಮುಂದಿನ ಮಾತಿಗೆ ಮೂರು ವರ್ಷದ ಮೇಲೆ ದಂಡ ತೆತ್ತೆ.

ಮೂರು ವರ್ಷದ ಮೇಲೆ, ಚನ್ನಪ್ಪ ಮಾವನ ಜೊತೆ ಯಾವುದೋ ಎತ್ತಿನ ವಿಚಾರವಾಗಿ ತಿಕೋಟಾಕ್ಕೆ ಹೋಗಿದ್ದೆ. ಗುರುಲಿಂಗಪ್ಪ ಎಂಬ ತೋಟದವರ ಪಡಸಾಲೆ. ದೊಡ್ಡವರು ಎತ್ತಿನ ಹಲ್ಲಿನ ಬಗ್ಗೆ ಮಾತಾಡುತ್ತಿದ್ದಾಗ ನನಗೆ ಬೇಸರವಾಗಿ, ನಮ್ಮನ್ನು ಹೊತ್ತು ತಂದ ಮೋಟಾರಿನ ಕೆಮ್ಮನ್ನು ಮೆಲ್ಲಗೆ ತೆಗೆದೆ. ಒಳಬಾಗಿಲ ಹಿಂದಿನಿಂದ ಯಾರೋ ನಕ್ಕರು. ನಗು ಕೇಳಿದರೆ ನಾನು ಸುಮ್ಮನಿರುವವನೆ? ಇನ್ನೊಮ್ಮೆ ಕೆಮ್ಮಿದೆ. ಈ ಸಲ ನಗು ಬರಲಿಲ್ಲ. ಅದೇ ಬಾಗಿಲ ಹಿಂದಿನಿಂದ ಮೋಟಾರು ಕೆಮ್ಮುವುದನ್ನು ನಿಲ್ಲಿಸಿ, ಹೊಗೆ ಬಿಟ್ಟು, ಹೊರಟೇ ಹೋದ ಸದ್ದು ಬಂತು. ನನ್ನ ಮೋಟಾರು ಎಂದೂ ಹೊರಟಿರಲಿಲ್ಲ. ನನಗೆ ಕೆಮ್ಮಷ್ಟೇ ಬರುತ್ತಿತ್ತು. ದಾರಿಯಲ್ಲಿ ಮಾವನಿಗೆ ಹೇಳಿದೆ, ಮದುವೆಯಾದರೆ ಆ ಮೋಟಾರನ್ನೇ ಎಂದು.

ಜಾತಕ, ಮನೆತನ ಎಲ್ಲ ಕೂಡಿಬಂದವು. ಗುರುಲಿಂಗಪ್ಪ ಹೇಳಿಕಳಿಸಿದ ಷರತ್ತು ಒಂದೇ: ಮನೆಯ ನೀರು ಸಿಹಿ ಇರಬೇಕು. ಅವರ ಹಿರಿಯ ಮಗಳನ್ನು ಸವಳು ನೀರಿನ ಊರಿಗೆ ಕೊಟ್ಟಿದ್ದರಂತೆ. ಆಕೆ ದಿನಕ್ಕೆ ನಾಲ್ಕು ಸಲ ದೂರದ ಬಾವಿಗೆ ನಡೆದು ನಡೆದು, ಕೊಡ ಒತ್ತಿ ನಡುನೆತ್ತಿಯ ಕೂದಲು ಹೋಗಿ, ಇಪ್ಪತ್ತೈದಕ್ಕೆ ಮುದುಕಿಯ ಹಾಗೆ ಕುತ್ತಿಗೆ ಹಿಡಿದುಕೊಂಡು ತವರಿಗೆ ಬರುತ್ತಿದ್ದಳು. ಕಿರಿಯವಳನ್ನು ಹಾಗೆ ಕಳಿಸುವುದಿಲ್ಲ ಎಂದು ಆ ಮನೆಯ ಆಯಿ, ಎಂದರೆ ಗುರುಲಿಂಗಪ್ಪನವರ ತಾಯಿ, ಆಣೆ ಮಾಡಿದ್ದಳು.

ನಮ್ಮ ಊರು ಬಬಲೇಶ್ವರ. ನಮ್ಮ ಹಿತ್ತಲಿನ ಬಾವಿಯ ನೀರಿಗೂ ಡೋಣಿ ಹೊಳೆಗೂ ಒಳಗಿಂದೊಳಗೆ ಬೀಗತನವಿರಬೇಕು; ಎರಡೂ ಸವಳು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ನಾವು ಎದೆ ತಟ್ಟಿ ಹೇಳುತ್ತೇವೆ, ಆ ಕಾಳು ಬೇಯಿಸುವುದು ಯಾವ ನೀರಿನಲ್ಲಿ ಎಂದು ಹೇಳುವುದಿಲ್ಲ. ಆದರೂ ಅಪ್ಪ ಮಾವನ ಕೈಯಲ್ಲಿ ನಿಷ್ಠೆಯಿಂದ ಹೇಳಿಕಳಿಸಿದ: ನಮ್ಮ ಮನೆಯಲ್ಲಿ ಸಿಹಿನೀರಿಗೆ ಎಂದೂ ಕೊರತೆಯಾಗಿಲ್ಲ. ಅಪ್ಪ ಸುಳ್ಳುಗಾರನಲ್ಲ. ಅವನು ಹುಟ್ಟಿದಾಗಿನಿಂದ ಅಡಿಗೆಮನೆಯ ಮಣ್ಣಿನ ಹರವಿಯಲ್ಲಿ ಸಿಹಿನೀರೇ ಇತ್ತು. ನಾನೂ ಹಾಗೇ ತಿಳಿದಿದ್ದೆ. ಹರವಿಗೆ ನೀರು ಊರಾಚೆಯ ತೋಟದ ಬಾವಿಯಿಂದ ಒಂದು ಮೈಲು ನಡೆದು ಬರುತ್ತದೆ, ಅದು ಬರುವುದು ಮೊದಲು ಅಜ್ಜಿಯ, ಈಗ ಅವ್ವನ ತಲೆಯ ಮೇಲೆ, ಎಂಬುದು ಗಂಡಸರಾದ ನಮಗೆ ಗೊತ್ತಿದ್ದೂ ಗೊತ್ತಿರಲಿಲ್ಲ. ಅಪ್ಪ ಹೇಳಿಕಳಿಸುವಾಗ ಅವ್ವ ಅಲ್ಲೇ ಇದ್ದಳು. ಖಾಲಿ ಕೊಡ ಎತ್ತಿಕೊಂಡು ಹೊರಗೆ ನಡೆದಳು.

ನನ್ನ ಭಯ ಆಯಿಯದು. ಮನೆ ನೋಡಲು ಹೋಗುವಾಗ ಆಕೆ ಸೆರಗಿನಲ್ಲಿ ಒಂದು ಹಿಡಿ ತೊಗರಿಬೇಳೆ ಕಟ್ಟಿಕೊಂಡು ಹೋಗುತ್ತಾಳೆ, ಹುಡುಗನ ಮನೆಯ ಬಾವಿಯಿಂದ ತನ್ನೆದುರಿಗೇ ನೀರು ಸೇದಿಸಿ ಬೇಯಿಸಿ ನೋಡುತ್ತಾಳೆ ಎಂದು ಮಾವ ಸುದ್ದಿ ತಂದ. ಸವಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಸಂಜೆಯ ತನಕ ಕುದಿಸಿದರೂ ಹರಳು ಹರಳಾಗಿ ಗಡಿಗೆಯಲ್ಲಿ ಕುಣಿಯುತ್ತದೆ. ಎರಡು ಸಂಬಂಧಗಳನ್ನು ಆ ಬೇಳೆ ಆಗಲೇ ಮುರಿದಿತ್ತು. ನನ್ನ ತಲೆಯಲ್ಲಿ ಮಾಸ್ತರರು ಎದ್ದು ನಿಂತು ಕೇಳಿದರು, ಅಂದರ ಏನಾತು? ಬೇಳೆಗೆ ಎದುರಾಗಿ ವಿಜ್ಞಾನವನ್ನು ನಿಲ್ಲಿಸಬೇಕು. ಈಗ ಶಹರದ ಶಾಣ್ಯಾರು ನೀರನ್ನು ಪರೀಕ್ಷಿಸುವುದು ಸಿಂಪಿಯಿಂದ, ಸಿಂಪಿ ಬಾಯಿ ತೆರೆದರೆ ಸಿಹಿ, ಮುಚ್ಚಿದರೆ ಸವಳು, ಅದು ಬಾಯಿಲ್ಲದ ಜೀವ, ಸುಳ್ಳು ಹೇಳದು ಎಂದು ಮಾವ ಮೀಸೆ ಒರೆಸಿಕೊಂಡು ತಿಕೋಟಾದಲ್ಲಿ ಸಾರಿ ಬಂದ. ಆಯಿ ಎಲ್ಲ ಕೇಳಿ, ಆಗಲಿ, ಅದನ್ನೂ ನೋಡೋಣ ಎಂದಳಂತೆ. ಆ “ಅದನ್ನೂ” ಎಂಬುದು ನಮ್ಮಿಬ್ಬರಿಗೂ ಕೇಳಿಸಲಿಲ್ಲ.

ವಿಜಾಪುರದ ಕೆರೆಯಿಂದ ಹತ್ತು ಸಿಂಪಿ, ಎರಡು ಡಬ್ಬಿ ಕೆರೆಯ ನೀರು ತಂದೆ. ಚಿಪ್ಪಿನೊಳಗೆ ಮಾಂಸವಿರುವ ಜೀವ ಮನೆಯೊಳಗೆ ಬರಕೂಡದೆಂದು ಅವ್ವ ತಡೆದಳು. ದನದ ಕೊಟ್ಟಿಗೆಯಲ್ಲಿ ಒಡೆದ ಹರವಿಯೊಂದರ ತಳ ನನ್ನ ಪಾಠಶಾಲೆಯಾಯಿತು. ದಿನಾ ಒಂದು ತಂಬಿಗೆ ಕೆರೆನೀರು ತೆಗೆಯುವುದು, ಒಂದು ತಂಬಿಗೆ ಹಿತ್ತಲ ಬಾವಿಯ ನೀರು ಹಾಕುವುದು. ಹಾಕಿದೊಡನೆ ಎಲ್ಲರೂ ಬಾಗಿಲು ಮುಚ್ಚುತ್ತಿದ್ದರು. ನಾನು ಕುಕ್ಕರುಗಾಲಿನಲ್ಲಿ ಕೂತು ಸಮಾಧಾನ ಹೇಳುತ್ತಿದ್ದೆ. ಸಂಜೆಗೆ ಒಬ್ಬೊಬ್ಬರೇ ತುಸು ತೆರೆದು, ಹೊಸ ಸೊಸೆ ಅಡಿಗೆಮನೆಯಿಂದ ಇಣುಕುವಂತೆ ಇಣುಕುತ್ತಿದ್ದರು. ನಾಲ್ಕನೆಯ ದಿನ ಇಬ್ಬರು ಬಹಳ ಅಗಲವಾಗಿ ಬಾಯಿ ತೆರೆದರು. ಇಷ್ಟು ಬೇಗ ಕಲಿತರಲ್ಲ ಎಂದು ಹಿಗ್ಗಿದೆ. ಮರುದಿನ ವಾಸನೆಯಿಂದ ತಿಳಿಯಿತು, ಅವರು ಸತ್ತಿದ್ದರು. ಸತ್ತ ಸಿಂಪಿಯೂ ಬಾಯಿ ತೆರೆಯುತ್ತದೆ. ಅನುಕೂಲಕ್ಕೆ ತಕ್ಕಂತೆ ಅದನ್ನು ಒಪ್ಪಿಗೆ ಎಂದು ಓದಿಕೊಳ್ಳಬಹುದು.

ಉಳಿದ ಎಂಟು ಹದಿನೈದು ದಿನಕ್ಕೆ ತಯಾರಾದವು. ಅಪ್ಪಟ ಹಿತ್ತಲ ನೀರಿನಲ್ಲಿ ಕಾಲು ಚಾಚಿ ಕೂತವು. ನಾನು ಎಂಟನ್ನೂ ಹೆಸರಿಟ್ಟು ಕರೆಯುವಷ್ಟು ಸಲಿಗೆ ಬೆಳೆದಿತ್ತು.

ಮನೆ ನೋಡುವ ದಿನ ಬಂತು. ಚಕ್ಕಡಿಯಿಂದ ಗುರುಲಿಂಗಪ್ಪ ಇಳಿದರು, ಆಯಿ ಇಳಿದಳು, ಆಯಿಯ ಹಿಂದೆ ಒಂದು ತಾಮ್ರದ ಕೊಡ ಇಳಿಯಿತು. ಪರಸ್ಥಳದಲ್ಲಿ ಆಕೆ ತನ್ನ ಊರಿನ ನೀರನ್ನೇ ಕುಡಿಯುತ್ತಾಳಂತೆ. ಪಡಸಾಲೆಯಲ್ಲಿ ಅಗಲವಾದ ಹಿತ್ತಾಳೆಯ ಪರಾತ, ಅದರ ತುಂಬ ಅವರ ಕಣ್ಣೆದುರೇ ಸೇದಿದ ನಮ್ಮ ಬಾವಿಯ ನೀರು. ನಾನು ಎಂಟು ಸಿಂಪಿಗಳನ್ನು ಒಂದೊಂದಾಗಿ ಇಳಿಬಿಟ್ಟು, ಕೈಕಟ್ಟಿ ನಿಂತು, ಮೂಗಿನಲ್ಲಿ ಮಾಸ್ತರರ ದನಿ ತಂದುಕೊಂಡು ಪಾಠ ಶುರುಮಾಡಿದೆ. ಇದು ಬಾಯಿ, ಇದು ಕಾಲು, ಇದಕ್ಕೆ ಕಾಲು ಒಂದೇ. ತುಸು ಹೊತ್ತಿನಲ್ಲಿ ಎಂಟೂ ಬಾಯಿ ತೆರೆದವು. ಮುರಿದಂಚಿನವನಂತೂ ಕಾಲು ಚಾಚಿ ಪರಾತದಲ್ಲಿ ಒಂದು ಗೆರೆ ಕೂಡ ಎಳೆದ. ಗುರುಲಿಂಗಪ್ಪನವರ ಮುಖ ಅರಳಿತು. ಅಪ್ಪ, ತನ್ನ ಬಾವಿಯ ಬಗ್ಗೆ ತಾನು ಹೇಳಿದ್ದು ಇಷ್ಟು ನಿಜವೆಂದು ತನಗೇ ಗೊತ್ತಿರಲಿಲ್ಲವೇನೋ ಎಂಬಂತೆ, ಕನ್ನಡಕದ ಮೇಲಿಂದ ಪರಾತವನ್ನು ನೋಡಿದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಗೆದ್ದ ಮಾವ ನಿಲ್ಲಿಸಲಿಲ್ಲ. ಬೇಕಾದರೆ ನಿಮ್ಮ ತಿಕೋಟಾದ ನೀರಿನಲ್ಲಿ ಹಾಕಿ ನೋಡಿ, ಅಲ್ಲೂ ಹೀಗೇ ತೆರೆಯುತ್ತದೆ ಎಂದ. ಆಯಿ ತನ್ನ ಕೊಡ ಬಗ್ಗಿಸಿ ಒಂದು ಬೋಗುಣಿ ತುಂಬಿದಳು. ನಾನೇ, ಹೆಮ್ಮೆಯಿಂದ, ಮುರಿದಂಚಿನವನನ್ನೂ ಇನ್ನಿಬ್ಬರನ್ನೂ ಅದರಲ್ಲಿ ಇಳಿಸಿದೆ.

ಮೂವರೂ ಬಾಗಿಲು ಹಾಕಿಕೊಂಡರು.

ಕಾದೆವು. ಎಲೆಅಡಿಕೆ ಒಂದು ಸುತ್ತು ಆಯಿತು. ತೆರೆಯಲಿಲ್ಲ. ಹಿಂದಿನ ಬೆಂಚಿನಲ್ಲಿ ನಾನು ಕೇಳದೆ ಬಿಟ್ಟ ಮಾತು ಇದೇ: ಉಪ್ಪಿಗೆ ರೂಢಿಯಾದ ಸಿಂಪಿಯ ಮೈಯೆಲ್ಲ ಈಗ ಉಪ್ಪು, ಅದನ್ನು ಒಮ್ಮೆಲೇ ಸಿಹಿನೀರಿಗೆ ಬಿಟ್ಟರೆ ನೀರು ಪ್ರವಾಹದಂತೆ ಒಳಗೆ ನುಗ್ಗಿ ಮೈ ಬಾತುಕೊಳ್ಳುತ್ತದೆ, ಅದಕ್ಕೂ ಅದು ಬಾಯಿ ಮುಚ್ಚುತ್ತದೆ. ಹುಟ್ಟಿದ ನೀರು ಅದಕ್ಕೀಗ ಪರನೀರು. ಮಾವನಿಗೆ ಇದೆಲ್ಲ ಗೊತ್ತಿಲ್ಲ. ಅವನು ಮೀಸೆಯನ್ನೂ ಒರೆಸಿಕೊಳ್ಳದೆ, ಹಾಗಾದರೆ ಸವಳು ನಿಮ್ಮದೇ ನೀರು ಎಂದುಬಿಟ್ಟ. ಗುರುಲಿಂಗಪ್ಪ ಎದ್ದು ನಿಂತು ರುಮಾಲು ಸುತ್ತತೊಡಗಿದರು. ಅವರ ಅಜ್ಜನ ಕಾಲದ ಬಾವಿ ಅದು, ಇಡೀ ಓಣಿ ಅದರ ನೀರು ಒಯ್ಯುತ್ತದೆ.

ಆಯಿ ಮಾತ್ರ ಕೂತಲ್ಲಿಂದ ಏಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಬೇಳೆಯನ್ನು ಅವ್ವನ ಕೈಗೆ ಕೊಟ್ಟು, ಪರಾತದ ಪಕ್ಕ ನಮ್ಮ ಬಾವಿಯ ನೀರು ಉಳಿದಿದ್ದ ಬಿಂದಿಗೆಯನ್ನು ತೋರಿಸಿದಳು. ಅವ್ವ ಒಂದು ಗಳಿಗೆ ನನ್ನನ್ನು ನೋಡಿ ಒಲೆ ಹಚ್ಚಿದಳು. ಬೇಳೆ ಕುದಿಯಿತು, ಕುದಿಯಿತು, ಕುದಿಯುತ್ತಲೇ ಇತ್ತು. ಕೊನೆಗೆ ಆಯಿ ನಾಲ್ಕು ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ಹಿಚುಕಿ ನೋಡಿ, ಅವನ್ನು ಪರಾತದ ಅಂಚಿಗೆ ಬಿಟ್ಟಳು. ಟಣ್ ಎಂದವು. ಈ ಸಿಂಪಿಗಳು ನಿಮ್ಮ ಮನೆಗೆ ಬಂದು ಎಷ್ಟು ದಿನವಾಯಿತು ಎಂದು ಕೇಳಿದಳು.

ನಾನು ಮತ್ತೆ ಮೂಗಿನಲ್ಲಿ, ಅಂದರ ಏನಾತು, ಸಿಂಪಿ ಎಂಬ ಪ್ರಾಣಿ, ಎಂದು ಶುರುಮಾಡಿದೆ.

“ಯಪ್ಪಾ, ಇದು ಯಾರ ದನಿ?” ಎಂದಳು ಆಯಿ, ಸಿಟ್ಟಿಲ್ಲದೆ. “ನಮ್ಮ ಹುಡುಗಿನ್ನ ಕೇಳಾಕ ಬಂದಾಂವ ನೀನು. ನಿನ್ನ ದನೀಲೆ ಹೇಳು.”

ಹುಡುಕಿದೆ. ಅಪ್ಪನ ದನಿ ಸಿಕ್ಕಿತು, ಮಾವನದು ಸಿಕ್ಕಿತು, ಮೋಟಾರಿನದೂ ಸಿಕ್ಕಿತು. ಕೊನೆಗೆ ತಳದಲ್ಲಿ ಒಂದು ಸಣ್ಣ ಒಡಕು ದನಿ ಇತ್ತು. ಅದರಲ್ಲೇ ತಂಬಿಗೆ ತಂಬಿಗೆಯ ಲೆಕ್ಕವನ್ನೆಲ್ಲ ಹೇಳಿದೆ. ಸತ್ತ ಇಬ್ಬರನ್ನೂ ಬಿಡಲಿಲ್ಲ. ಗುರುಲಿಂಗಪ್ಪ ಚಕ್ಕಡಿ ಹೂಡಿಸಿದರು. ಸಿಟ್ಟಿನಲ್ಲಿ ತಾಮ್ರದ ಕೊಡ ನಮ್ಮ ಪಡಸಾಲೆಯಲ್ಲೇ ಉಳಿಯಿತು.

ಮರುದಿನ ಅಪ್ಪ ಕೊಡವನ್ನು ಆಳಿನ ಕೈಯಲ್ಲಿ ಕಳಿಸೋಣ ಎಂದ. ಅವ್ವ ಆಗ ಬಾಯಿ ತೆರೆದಳು. ಕೊಡ ಇವನೇ ಒಯ್ಯಬೇಕು. ಮತ್ತೆ ಮಂದಿಯ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಸಿಹಿನೀರು ತುಂಬಿಸಿ ಒಯ್ಯಬೇಕು. ಸಿಹಿನೀರು ಎಲ್ಲಿದೆ ಎಂದು ಕೇಳಿದೆ. “ಹರವ್ಯಾಗ ಹುಟ್ಟತೈತಿ ಅಂತ ತಿಳಿದಿದ್ದೇನು? ನಡಿ, ತೋರಸ್ತೇನಿ,” ಎಂದು ಮುಂದೆ ನಡೆದಳು. ತೋಟದ ಬಾವಿಗೆ ಒಂದು ಮೈಲು. ಅಷ್ಟು ವರ್ಷ ಆ ನೀರು ಕುಡಿದ ನಾನು ಆ ದಾರಿ ನೋಡಿದ್ದು ಅಂದೇ. ಎದುರಿಗೆ ಬಂದ ಹೆಣ್ಣುಮಕ್ಕಳು ನನ್ನನ್ನು ಕಂಡು ನಕ್ಕದ್ದನ್ನು ಬಿಟ್ಟುಬಿಡೋಣ. ಅವ್ವ ಒಂದು ಕಲ್ಲಿನ ಹತ್ತಿರ ಅಭ್ಯಾಸಬಲದಿಂದ ನಿಂತು ಕುತ್ತಿಗೆ ನೀವಿಕೊಂಡದ್ದನ್ನು ಬಿಡುವುದು ಸಾಧ್ಯವಿಲ್ಲ. ಆ ನೀವಿಕೊಳ್ಳುವಿಕೆ ನನಗೆ ಗೊತ್ತಿತ್ತು. ನಾನು ಅದನ್ನು ಎಷ್ಟೋ ಸಲ ಓಣಿಯಲ್ಲಿ ಅನುಕರಿಸಿ ತೋರಿಸಿ ನಗಿಸಿದ್ದೆ.

ತುಂಬಿದ ಕೊಡವನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟೆ. ಅರ್ಧ ದಾರಿಗೆ ಜಾಲಿಯ ಮುಳ್ಳು ಚಕ್ರದ ಗಾಳಿ ತೆಗೆಯಿತು. ಸೈಕಲ್ಲನ್ನು ಒಂದು ಗುಡಿಸಲಿನಲ್ಲಿ ಬಿಟ್ಟು, ಕೊಡವನ್ನು ಒಮ್ಮೆ ಹೆಗಲ ಮೇಲೆ, ಒಮ್ಮೆ ತಲೆಯ ಮೇಲೆ, ಒಮ್ಮೆ ಕೂಸಿನಂತೆ ಬಗಲಲ್ಲಿ ಹೊತ್ತು ನಡೆದೆ. ತಿಕೋಟಾ ಮುಟ್ಟುವಾಗ ಕೊಡದಲ್ಲಿ ಅರ್ಧ ನೀರು, ಅಂಗಿಯಲ್ಲಿ ಅರ್ಧ ನೀರು. ಗುರುಲಿಂಗಪ್ಪ ನನ್ನನ್ನು ಕಂಡು ಮುಖ ತಿರುಗಿಸಿದರು. ಆಯಿ ಕೊಡ ಇಳಿಸಿಕೊಂಡು, ಒಂದು ಬೊಗಸೆ ಕುಡಿದು, ಸಿಹಿ ಅದ ಎಂದಳು. ಎಲ್ಲಿಯದು, ಯಾರು ಹೊತ್ತು ತರುತ್ತಾರೆ ಎಂದು ಕೇಳಿದಳು. ನನ್ನ ಸಣ್ಣ ಒಡಕು ದನಿಯಲ್ಲೇ ಹೇಳಿದೆ: ಒಂದು ಮೈಲು, ಅವ್ವ.

ಆಗ ಒಳಬಾಗಿಲ ಹಿಂದಿನಿಂದ ಒಂದು ಮಾತು ಬಂತು. ಅದರ ಮೇಲೆ ಗುರುಲಿಂಗಪ್ಪನವರಾಗಲಿ, ಆಯಿಯಾಗಲಿ, ಆಮೇಲೆ ನಮ್ಮ ಅಪ್ಪನಾಗಲಿ ತುಟಿ ಎರಡು ಮಾಡಲಿಲ್ಲ. ಅದನ್ನು ಹೇಳುವ ಮೊದಲು ಇಂದಿನದನ್ನು ಮುಗಿಸಿಬಿಡುತ್ತೇನೆ.

ಇಂದು ಬೆಳಿಗ್ಗೆ ಅವ್ವ ಸಿಂಪಿಯಿಂದ ಕಾಯಿ ಹೆರೆದು, ಹೋಳಿಗೆ ಉಪ್ಪು ಬೆರೆಸಿ, ಅದು ನೀರು ಬಿಡುವುದನ್ನು ನೋಡುತ್ತ ಕೂತಳು. ಮುರಿದಂಚಿನವನನ್ನೂ ಅವನ ಸಂಗಡಿಗರನ್ನೂ ನಾನು ಆ ವಾರವೇ ಕೆರೆಗೆ ಒಯ್ದು ಬಿಡಬೇಕೆಂದಿದ್ದೆ. ಈ ಸಲ ತಂಬಿಗೆ ತಂಬಿಗೆಯಾಗಿ ಸಿಹಿನೀರು ಬೆರೆಸಿ ಆರು ಮಂದಿಯನ್ನು ತಿರುಗಿ ಊರು ಮುಟ್ಟಿಸಿದೆ, ಇಬ್ಬರು ಕೊಟ್ಟಿಗೆಯಲ್ಲೇ ತೀರಿಕೊಂಡರು. ಅವನು ಆ ಇಬ್ಬರಲ್ಲಿ ಒಬ್ಬ. ಇಷ್ಟು ಬರೆಯುವ ಹೊತ್ತಿಗೆ ಬಿಸಿಲೇರಿತು, ನಾನು ಎರಡು ಕೊಡ ಸೈಕಲ್ಲಿಗೆ ಕಟ್ಟಿ ಎರಡನೆಯ ಸರತಿಗೆ ಹೊರಡಬೇಕು. ನಾನು ಕೊಡ ಇಳಿಸಿ ಸೊಂಟ ಹಿಡಿದುಕೊಳ್ಳುವುದನ್ನು ಓಣಿಯ ಹುಡುಗರು ಈಗ ಬಹಳ ಚೆನ್ನಾಗಿ ಅನುಕರಿಸುತ್ತಾರೆ. ಮನೆಯೊಳಗೂ ಒಬ್ಬರು ಅನುಕರಿಸುತ್ತಾರೆ, ಅವರೆಲ್ಲರಿಗಿಂತ ಚೆನ್ನಾಗಿ. ಸದ್ದು ಸಮೇತ, ಕೆಮ್ಮು ಸಮೇತ. ಅವರ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲರ ದನಿ ತೆಗೆದಿದ್ದೇನೆ, ಅವರದನ್ನು ಇದುವರೆಗೆ ತೆಗೆಯಲು ಧೈರ್ಯವಾಗಿಲ್ಲ. ಅದಕ್ಕೆ ಅಂದು ಬಾಗಿಲ ಹಿಂದಿನಿಂದ ಬಂದದ್ದನ್ನು ಬಂದ ಹಾಗೆ ಬರೆದು ಕೆಳಗಿಡುತ್ತೇನೆ:

“ಆಯೀ, ಸಿಂಪಿಗೆ ಇರೂದು ಒಂದ ಕಾಲು, ಪಾಪ, ಇಟ್ಟ ನೀರಿಗೆ ಹೊಂದಕೊಂಡ ಇರತೈತಿ. ಇವರಿಗೆ ಎರಡ ಅದಾವ ಅಂತ ಇವತ್ತ ಗೊತ್ತಾತಲ್ಲ. ದಿನಾ ಆ ಬಾಂವಿಗೆ ಹೋಗಿ ನೀರ ತರ್ತಾರೇನ ಕೇಳು, ತಂದರ ಬರ್ತೇನಿ.”